ಗುಂಡ್ಲುಪೇಟೆಯ ಹಳದಿ

ಜುಲೈ, ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯ ಸುತ್ತಮುತ್ತಲ ಹೊಲಗಳು ಹಳದಿಯಾಗುತ್ತವೆ. ಊಟಿಯ ದಾರಿ ಒಂದು ಕಡೆಗೆ, ಸುಲ್ತಾನ್ ಬತ್ತೇರಿಯ ದಾರಿ ಇನ್ನೊಂದು ಕಡೆಗೆ ಕವಲಾಗುವ ಊರು ಇದು. ಓಣಂ ಹತ್ತಿರ ಬಂದಂತೆ ಕೇರಳದ ಕಾರುಗಳು ಹೆದ್ದಾರಿಯ ಅಂಚಿಗೆ ಸಾಲಾಗಿ ನಿಲ್ಲುತ್ತವೆ. ಸೂರ್ಯಕಾಂತಿ, ಚೆಂಡುಹೂವಿನ ಹೊಲಕ್ಕೆ ಇಳಿದು ಫೋಟೊ ತೆಗೆದುಕೊಳ್ಳುವವರಿಂದ ತಲೆಗಿಷ್ಟು ಎಂದು ರೈತರು ಹಣ ಪಡೆಯುವುದೂ ಈಗ ರೂಢಿ. ತುಳಿತಕ್ಕೆ ಸಿಕ್ಕ ಗಿಡಗಳ ಲೆಕ್ಕ ಹಾಕಿದರೆ ಅದು ನ್ಯಾಯವೇ. ಹೀಗೆ ಹುಟ್ಟಿದ ಫೋಟೊಗಳನ್ನು ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ನೆಂಟರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವುಗಳ ಬಗ್ಗೆ ನನ್ನ ತಕರಾರು ಒಂದೇ: ಹಳದಿ ಇದೆ, ಹೂವು ಇಲ್ಲ.

ಚೆಂಡುಹೂವನ್ನು ಕೈಯಲ್ಲಿ ಹಿಡಿದು ನೋಡಿ. ಎಸಳ ಮೇಲೆ ಎಸಳು, ಅಂಚೆಲ್ಲ ನೆರಿಗೆ. ಒಂದು ಎಸಳಿನ ನೆರಳು ಇನ್ನೊಂದರ ಮೇಲೆ ಬಿದ್ದ ಕಡೆ ಹಳದಿ ಕೆಂಪಿಗೆ ತಿರುಗಿರುತ್ತದೆ. ಫೋಟೊದಲ್ಲಿ ಇದ್ಯಾವುದೂ ಇರುವುದಿಲ್ಲ. ಅರಿಸಿನದ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದ ಹಾಗೆ ಒಂದು ಬಿಲ್ಲೆ, ಅದರ ಪಕ್ಕ ಇನ್ನೊಂದು ಬಿಲ್ಲೆ. ಇದಕ್ಕೆ ತೆಗೆದವರ ಕಣ್ಣನ್ನು ದೂರಿ ಪ್ರಯೋಜನವಿಲ್ಲ. ಅವರು ಹೂವನ್ನೇ ನೋಡಿದ್ದರು. ಕ್ಯಾಮೆರಾದೊಳಗೆ, ಅವರು ಗುಂಡಿ ಒತ್ತಿದ ಮೇಲೆ ಅರೆಕ್ಷಣದಲ್ಲಿ, ಅವರನ್ನು ಕೇಳದೆಯೇ ಒಂದು ತೀರ್ಮಾನ ಆಗಿಹೋಗಿದೆ. ಆ ತೀರ್ಮಾನದ ಹೆಸರು ಜೆಪೆಗ್.

ಫೋಟೊಗ್ರಫಿ ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು, 'ರಾ ಫಾರ್ಮ್ಯಾಟಿನಲ್ಲಿ ತೆಗೀರಿ.' ಯಾಕೆ ಎಂದು ಕೇಳಿದರೆ 'ಅದು ಒರಿಜಿನಲ್, ಜೆಪೆಗ್ ಎಂದರೆ ಎಡಿಟ್ ಆದದ್ದು' ಎಂಬ ಉತ್ತರ ಸಿಗುತ್ತದೆ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಪಟ್ಟದ್ದು ಎಂದು ನನಗೆ ಅನ್ನಿಸುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡುತ್ತೇನೆ.

ಕ್ಯಾಮೆರಾದ ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಅದರ ಮೇಲಿರುವ ಕೋಟಿಗಟ್ಟಲೆ ಸಣ್ಣ ಗುಳಿಗಳು ಬೆಳಕು ಎಷ್ಟು ಬಿತ್ತು ಎಂಬುದನ್ನಷ್ಟೇ ಅಳೆಯುತ್ತವೆ. ಬಣ್ಣ ಬೇಕಲ್ಲ, ಅದಕ್ಕೆ ಪ್ರತಿ ಗುಳಿಯ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಪುಟ್ಟ ಗಾಜನ್ನು ಹೊದಿಸುತ್ತಾರೆ. ನಾಲ್ಕು ಗುಳಿಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಈ ಜೋಡಣೆಯೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ, ಫೋನುಗಳಲ್ಲಿ ಇದೆ. ಹಸಿರಿಗೆ ಎರಡು ಪಾಲು ಯಾಕೆಂದರೆ ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಹೆಚ್ಚಾಗಿ ಹಿಡಿಯುವುದು ಆ ಭಾಗದ ಬೆಳಕಿನಲ್ಲಿ. ಹಾಗಾಗಿ ಕೆಂಪು ಗಾಜಿನ ಕೆಳಗಿನ ಗುಳಿಗೆ ತನ್ನ ಮೇಲೆ ಬಿದ್ದ ಹಸಿರು ಎಷ್ಟು, ನೀಲಿ ಎಷ್ಟು ಎಂದು ತಿಳಿಯುವುದೇ ಇಲ್ಲ. ಅಕ್ಕಪಕ್ಕದ ಗುಳಿಗಳನ್ನು ವಿಚಾರಿಸಿ ಅಂದಾಜು ಮಾಡಬೇಕು. ನಾವು ನೋಡುವ ಹೆಚ್ಚಿನ ಡಿಜಿಟಲ್ ಫೋಟೊಗಳಲ್ಲಿ ಬಣ್ಣದ ಮೂರರಲ್ಲಿ ಎರಡು ಪಾಲು ಹೀಗೆ ಊಹೆಯಿಂದ ತುಂಬಿದ್ದು. ಅಳತೆ ಮಾಡಿದ್ದು ಒಂದೇ ಪಾಲು.

ರಾ ಎಂದರೆ ಆ ಊಹೆಗೂ ಮುಂಚಿನ ಪಟ್ಟಿ. ಸಂಖ್ಯೆಗಳ ಪಟ್ಟಿ. ಅದನ್ನು ಏನೂ ಮಾಡದೆ ಪರದೆಯ ಮೇಲೆ ಚೆಲ್ಲಿದರೆ ಕಾಣುವುದು ಕತ್ತಲೆಗಟ್ಟಿದ, ಹಸಿರು ಕವಿದ, ಚೌಕಳಿ ಚೌಕಳಿಯಾದ ಏನೋ ಒಂದು. ಗುಂಡ್ಲುಪೇಟೆಯ ಹೊಲ ಅಂತೂ ಅಲ್ಲ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನಾವು ನೋಡುವ 'ರಾ' ಕೂಡ ರಾ ಅಲ್ಲ. ಆ ಫೈಲಿನ ಹೊಟ್ಟೆಯಲ್ಲೇ ಕ್ಯಾಮೆರಾ ಒಂದು ಜೆಪೆಗ್ ಮಾಡಿ ಇಟ್ಟಿರುತ್ತದೆ, ತೋರಿಸುವುದು ಅದನ್ನು. 'ನಾನು ರಾ ನೋಡಿದೆ' ಎಂದು ಹೇಳುವವರು ಯಾರೂ ರಾ ನೋಡಿರುವುದಿಲ್ಲ.

ಆದ್ದರಿಂದ ರಾ ಒಂದು ಚಿತ್ರವೇ ಅಲ್ಲ. ಚಿತ್ರ ಆಗಬೇಕಾದರೆ ಯಾರಾದರೂ ಹಲವು ತೀರ್ಮಾನಗಳನ್ನು ತೆಗೆದುಕೊಳ್ಳಬೇಕು. ಬಿಳಿ ಎಂದರೆ ಯಾವುದು? ಕತ್ತಲಿನಲ್ಲಿ ಎಷ್ಟು ಕಾಣಬೇಕು? ಹಳದಿ ಎಷ್ಟು ಹಳದಿ? ಜೆಪೆಗ್ ಕೇಳಿದಾಗ ಇವನ್ನೆಲ್ಲ ಕ್ಯಾಮೆರಾದ ಕಂಪನಿ ತೀರ್ಮಾನಿಸುತ್ತದೆ. ಎಂದೋ ಯಾವುದೋ ಪ್ರಯೋಗಾಲಯದಲ್ಲಿ ಕುಳಿತ ಎಂಜಿನಿಯರುಗಳು, ಜನರಿಗೆ ಇಷ್ಟವಾಗುವುದು ಇಂಥ ಆಕಾಶ, ಇಂಥ ಹುಲ್ಲು ಎಂದು ಬರೆದಿಟ್ಟ ಸೂತ್ರದ ಪ್ರಕಾರ. ಆಮೇಲೆ ಉಳಿದದ್ದನ್ನು ಎಸೆಯುತ್ತದೆ. ರಾ ಫೈಲಿನಲ್ಲಿ ಪ್ರತಿ ಗುಳಿಗೂ ಸಾಮಾನ್ಯವಾಗಿ 4,096 ಅಥವಾ 16,384 ಮೆಟ್ಟಿಲುಗಳ ಅಳತೆ ಇರುತ್ತದೆ. 1992ರಲ್ಲಿ ಬಂದ ಜೆಪೆಗ್ ಮಾನದಂಡ ನಮಗೆ ಸಾಮಾನ್ಯವಾಗಿ ಕೊಡುವುದು ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಉದುರಿಸಿ ಗಂಟು ಕಟ್ಟುತ್ತದೆ. ಇದರಲ್ಲಿ ಜಾಣತನವಿದೆ. ಜೆಪೆಗ್ ಇಲ್ಲದಿದ್ದರೆ ಅಂತರ್ಜಾಲದಲ್ಲಿ ಚಿತ್ರಗಳೇ ಇಷ್ಟು ಹರಿದಾಡುತ್ತಿರಲಿಲ್ಲ.

ಈಗ ಚೆಂಡುಹೂವಿಗೆ ಏನಾಯಿತು ಎಂದು ತಿಳಿಯುವುದು ಸುಲಭ. ಪರದೆಯ ಭಾಷೆಯಲ್ಲಿ ಹಳದಿ ಎಂದರೆ ಕೆಂಪು ಮತ್ತು ಹಸಿರು ಹೆಚ್ಚು, ನೀಲಿ ಕಡಿಮೆ. ತುಂಬಿದ ಕಿತ್ತಳೆ-ಹಳದಿಯಲ್ಲಿ ಕೆಂಪು ಮೊದಲೇ ತುದಿಯ ಹತ್ತಿರ ಇರುತ್ತದೆ. ಅದರ ಮೇಲೆ ಕ್ಯಾಮೆರಾ ತನ್ನ ಮೆರುಗನ್ನು ಹಚ್ಚಿದಾಗ ಕೆಂಪು 255ಕ್ಕೆ ಹೋಗಿ ಚಾವಣಿಗೆ ತಲೆ ತಾಗಿಸಿ ನಿಲ್ಲುತ್ತದೆ, ನೀಲಿ ಸೊನ್ನೆಗೆ ಇಳಿದು ನೆಲಕ್ಕೆ ಅಂಟುತ್ತದೆ. ಎಸಳಿನಿಂದ ಎಸಳಿಗೆ ಇದ್ದ ವ್ಯತ್ಯಾಸವೆಲ್ಲ ಆ ಚಾವಣಿಯ ಆಚೆ, ಆ ನೆಲದ ಕೆಳಗೆ ಉಳಿದುಬಿಡುತ್ತದೆ. ರಾ ಫೈಲಿನಲ್ಲಿ ಅದು ಬಹುಮಟ್ಟಿಗೆ ಇರುತ್ತದೆ. ಹಳದಿಯ ಮೆರುಗನ್ನು ತಗ್ಗಿಸಿದರೆ ಎಸಳು ಒಂದೊಂದಾಗಿ ಮರಳಿ ಬರುವುದನ್ನು ಕಣ್ಣಾರೆ ನೋಡಬಹುದು. ಜೆಪೆಗ್‌ನಲ್ಲಿ ಹಾಗೆ ತಗ್ಗಿಸಿದರೆ ಬಿಲ್ಲೆ ಮಂಕಾಗುತ್ತದೆ, ಅಷ್ಟೆ. (ತೆಗೆಯುವಾಗಲೇ ಬೆಳಕು ಮಿತಿಮೀರಿ ಗುಳಿ ತುಂಬಿ ಚೆಲ್ಲಿದ್ದರೆ ರಾ ಫೈಲಿನಲ್ಲೂ ಏನೂ ಉಳಿದಿರುವುದಿಲ್ಲ.)

ಇದರಲ್ಲೊಂದು ತಮಾಷೆಯಿದೆ. ಈ ಹೊಲಗಳ ಚೆಂಡುಹೂವಿನಲ್ಲಿ ಬಹುಪಾಲು ದೇವರ ಮುಡಿಗೂ ಅಲ್ಲ, ಓಣಂ ಪೂಕಳಕ್ಕೂ ಅಲ್ಲ. ಕಂಪನಿಗಳು ಬೀಜ ಕೊಟ್ಟು, ಒಪ್ಪಂದ ಮಾಡಿಕೊಂಡು ಬೆಳೆಸಿ, ಹೂವನ್ನು ಒಣಗಿಸಿ ಬಣ್ಣ ತೆಗೆಯುತ್ತವೆ. ಆ ಬಣ್ಣ ಕೋಳಿಗಳ ಆಹಾರಕ್ಕೂ ಸೇರುತ್ತದೆ, ಮೊಟ್ಟೆಯ ಭಂಡಾರ ಚೆನ್ನಾಗಿ ಹಳದಿಯಾಗಿ ಕಾಣಲಿ ಎಂದು. ಗಿಡದಲ್ಲಿರುವ ಹೂವೇ ಬಣ್ಣದ ಕಚ್ಚಾಮಾಲು. ಅದರ ಫೋಟೊವನ್ನು ನೋಡಿ 'ಅಸಲಿ ಬಣ್ಣ ಅಲ್ಲ' ಎಂದು ನಾನು ಗೊಣಗುತ್ತಿದ್ದೇನೆ.

ಚಾಮರಾಜನಗರದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಛಾಯಾಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. 'ಎಡಿಟ್ ಮಾಡದ ಚಿತ್ರಗಳನ್ನು ಮಾತ್ರ ಕಳುಹಿಸಬೇಕು' ಎಂಬುದು ನಿಯಮ. ಬಂದವುಗಳಲ್ಲಿ ಹೆಚ್ಚಿನವು ಫೋನಿನವು. ಹುಡುಗರು ಪ್ರಾಮಾಣಿಕವಾಗಿ ಏನನ್ನೂ ಮುಟ್ಟದೆ ಕಳಿಸಿದ್ದರು. ಮುಟ್ಟಬೇಕಾದ್ದನ್ನೆಲ್ಲ ಫೋನೇ ಮುಟ್ಟಿತ್ತು. ಈಗಿನ ಫೋನು ಒಂದು ಚಿತ್ರಕ್ಕೆ ಹಲವು ಸಲ ಕಣ್ಣು ತೆರೆದು ಮುಚ್ಚಿ, ಅವನ್ನೆಲ್ಲ ಬೆಸೆದು, ಆಕಾಶಕ್ಕೊಂದು ಬೆಳಕು ಮುಖಕ್ಕೊಂದು ಬೆಳಕು ಹೊಂದಿಸಿ ಕೊಡುತ್ತದೆ. ಒಬ್ಬ ಹುಡುಗಿ ಮಾತ್ರ ದೊಡ್ಡ ಕ್ಯಾಮೆರಾದಲ್ಲಿ ರಾ ತೆಗೆದು, ತಾನೇ ಕೂತು ಅದನ್ನು ಚಿತ್ರವಾಗಿಸಿದ್ದಳು. ಗೋಪಾಲಸ್ವಾಮಿ ಬೆಟ್ಟದ ಮಂಜು. ನಿಯಮದ ಪ್ರಕಾರ ಅವಳೊಬ್ಬಳೇ ಅನರ್ಹಳು. 'ರಾ ಕಳಿಸಿದ್ರೆ ನಿಮ್ಮ ಕಂಪ್ಯೂಟ್ರಲ್ಲಿ ತೆರೆಯಲ್ಲ ಅಂತೀರ ಸಾರ್, ತೆರೆಯೋ ಹಾಗೆ ಮಾಡಿ ಕಳಿಸಿದ್ರೆ ಎಡಿಟ್ ಅಂತೀರ' ಎಂದಳು. ಅವಳ ಮಾತಿಗೆ ಸಂಘಟಕರ ಹತ್ತಿರ ಉತ್ತರವಿರಲಿಲ್ಲ. ಚಿತ್ರವನ್ನು ಉಳಿಸಿಕೊಳ್ಳಿ ಎಂದು ನಾನು ಪಟ್ಟು ಹಿಡಿದೆ, ಉಳಿಯಿತು. ಬಹುಮಾನ ಬರಲಿಲ್ಲ. ಉಳಿದ ತೀರ್ಪುಗಾರರಿಗೆ ಅದು 'ಸ್ವಲ್ಪ ಡಲ್' ಅನ್ನಿಸಿತು.

ಡಲ್ ಎಂದು ಅವರು ಕರೆದದ್ದು ಯಾವುದನ್ನು? ಬೆಟ್ಟದ ಮೇಲೆ ಬೆಳಗಿನ ಮಂಜು ಬಿಳಿ ಅಲ್ಲ, ಅದರಲ್ಲಿ ನೀಲಿ ಇರುತ್ತದೆ. ಫೋನಿಗೆ, ಕ್ಯಾಮೆರಾಕ್ಕೆ ಆ ನೀಲಿ ಒಂದು ದೋಷ. ಬಿಳಿಯಾಗಬೇಕಾದ್ದು ಬಿಳಿಯಾಗಿಲ್ಲ ಎಂದು ತಾನಾಗಿಯೇ ತೊಳೆದುಬಿಡುತ್ತದೆ, ಅಂಚುಗಳನ್ನು ಚುರುಕು ಮಾಡುತ್ತದೆ, ಕಪ್ಪನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಅಂದರೆ ಮಂಜಿನ ಚಿತ್ರದಿಂದ ಮಂಜನ್ನು ತೆಗೆಯುತ್ತದೆ. ಆ ಹುಡುಗಿ ನೀಲಿಯನ್ನು ಇರಗೊಟ್ಟಿದ್ದಳು, ದೇವಸ್ಥಾನದ ಗೋಪುರವನ್ನು ಅರ್ಧ ಕರಗಗೊಟ್ಟಿದ್ದಳು. ಅದು ಅವಳ ಓದು. ಬೇರೊಬ್ಬರು ಅದೇ ಫೈಲಿನಿಂದ ಬೇರೆ ಬೆಟ್ಟವನ್ನು ತೆಗೆಯಬಹುದಿತ್ತು. ಆದರೆ ಅಲ್ಲಿ ಓದಿದವರು ಯಾರು ಎಂದು ಕೇಳಿದರೆ ಎದ್ದು ನಿಲ್ಲಲು ಒಬ್ಬಳಿದ್ದಳು. ಉಳಿದ ಚಿತ್ರಗಳ ವಿಷಯದಲ್ಲಿ ಹಾಗೆ ಎದ್ದು ನಿಲ್ಲುವವರು ಯಾರೂ ಇರಲಿಲ್ಲ.

ಸತ್ಯ ಯಾವ ಫಾರ್ಮ್ಯಾಟಿನಲ್ಲಿದೆ ಎಂಬ ವಿಷಯದಲ್ಲಿ ದೊಡ್ಡ ಸಂಸ್ಥೆಗಳಿಗೇ ಒಮ್ಮತವಿಲ್ಲ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ಕೊನೆಯ ಸುತ್ತಿಗೆ ಮುಂಚಿನ ಹಂತದಲ್ಲಿ, ಮೂಲ ಫೈಲುಗಳ ಜೊತೆ ಹೋಲಿಸಿ ನೋಡಿ ಶೇಕಡಾ 20ರಷ್ಟು ಚಿತ್ರಗಳನ್ನು ಹೊರಗಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಹವ್ಯಾಸಿ ಛಾಯಾಗ್ರಾಹಕರಿಗೆ ಇದಕ್ಕೆ ತಿರುಗಾದ ಸೂಚನೆ ಕೊಟ್ಟಿತು: ರಾ ಫೈಲಿನಿಂದ ಮಾಡಿದ ಚಿತ್ರ ಬೇಡ, ಕ್ಯಾಮೆರಾದಿಂದಲೇ ಜೆಪೆಗ್ ಆಗಿ ಬಂದದ್ದನ್ನು ಕಳಿಸಿ. ಒಬ್ಬರಿಗೆ ರಾ ಸಾಕ್ಷಿ, ಇನ್ನೊಬ್ಬರಿಗೆ ರಾ ಎಂದರೆ ಕೈಚಳಕಕ್ಕೆ ತೆರೆದ ಬಾಗಿಲು. ರಾಯಿಟರ್ಸಿಗೆ ಬೇಗ ಸುದ್ದಿ ಮುಟ್ಟಿಸುವ ಅವಸರವೂ ಇತ್ತು ಎನ್ನಿ. ಆದರೂ ಆ ಸೂಚನೆಯ ಹಿಂದೆ ಒಂದು ನಂಬಿಕೆಯಿದೆ: ಮನುಷ್ಯ ಮಾಡಿದ ತೀರ್ಮಾನಕ್ಕಿಂತ ಯಂತ್ರ ಮಾಡಿದ್ದು ಶುದ್ಧ. ಯಂತ್ರಕ್ಕೆ ಸೂತ್ರ ಬರೆದವರೂ ಮನುಷ್ಯರೇ ಎಂಬುದನ್ನು ಈ ನಂಬಿಕೆ ಮರೆಯುತ್ತದೆ.

ರಾ ಫೈಲಿಗೆ ಸಾಕ್ಷಿ ಹೇಳಲು ಬರುವುದೂ ಅಷ್ಟಕ್ಕಷ್ಟೆ. 2009ರ 'ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್' ಗೆದ್ದ ಚಿತ್ರದಲ್ಲಿ ತೋಳವೊಂದು ರಾತ್ರಿ ಗೇಟನ್ನು ಹಾರುತ್ತಿತ್ತು. ಅದು ಕಾಡಿನ ತೋಳವಲ್ಲ, ಬಹುತೇಕ ಪಳಗಿಸಿದ ಪ್ರಾಣಿ ಎಂದು ತೀರ್ಮಾನಿಸಿ 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಛಾಯಾಗ್ರಾಹಕ ಆ ಆರೋಪವನ್ನು ಒಪ್ಪಲಿಲ್ಲ. ವಿವಾದ ಎದ್ದದ್ದು ಗೇಟಿನ ಮುಂದೆ ಇದ್ದ ತೋಳದ ಬಗ್ಗೆ, ಫೈಲಿನೊಳಗಿನ ಪಿಕ್ಸೆಲ್‌ಗಳ ಬಗ್ಗೆ ಅಲ್ಲ. ಬಂಡೀಪುರದಲ್ಲಿ ಸಫಾರಿ ಜೀಪುಗಳು ಒಂದು ಹುಲಿಯನ್ನು ಮುತ್ತಿಕೊಂಡು ನಿಂತಿರುತ್ತವೆ. ಚೌಕಟ್ಟಿನಲ್ಲಿ ಹುಲಿಯೊಂದೇ, ನಿರ್ಜನ ಅರಣ್ಯ. ಅದರ ರಾ ಫೈಲು ಕೇಳಿ, ಒಂದು ಪಿಕ್ಸೆಲ್ಲೂ ಬದಲಾಗಿರುವುದಿಲ್ಲ.

ನನಗೆ ಈ ವಿಷಯ ಬರೀ ಕುತೂಹಲದ್ದಾಗಿ ಉಳಿಯದಿರುವುದಕ್ಕೆ ಮನೆಯ ಕಾರಣವೂ ಒಂದಿದೆ. ನಮ್ಮ ಅಜ್ಜಿ ತೀರಿಕೊಂಡಾಗ ಊರ ವೃತ್ತದಲ್ಲಿ ಎಲ್ಲರಂತೆ ನಮ್ಮವರೂ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಹಾಕಿಸಿದರು. ಅಜ್ಜಿಯದು ನೇರಳೆ ಹಣ್ಣಿನ ಮೈಬಣ್ಣ. ಬಿಸಿಲಿನಲ್ಲಿ ನಿಂತರೆ ಕೆನ್ನೆಯ ಮೂಳೆಯ ಮೇಲೆ ಬೆಳಕು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಫ್ಲೆಕ್ಸಿನಲ್ಲಿ ಇದ್ದವಳು ಗೋಧಿ ಬಣ್ಣದ, ಸುಕ್ಕಿಲ್ಲದ, ತುಟಿ ಗುಲಾಬಿಯಾದ ಒಬ್ಬ ಹೆಂಗಸು. ದೊಡ್ಡವ್ವ ಅದರ ಮುಂದೆ ನಿಂತು, 'ಇದ್ಯಾರಪ್ಪ, ನಮ್ಮವ್ವ ಅಲ್ಲ ಕನಪ್ಪ ಇದು' ಎಂದಳು. ಸ್ಟುಡಿಯೊದವನನ್ನು ಕೇಳಿದರೆ ಅವನು ಬೆರಗಾದ. 'ನಾನು ಜಾಸ್ತಿ ಏನೂ ಮಾಡಿಲ್ಲ ಸಾರ್, ಫೋಟೊ ಬಂದಿದ್ದೇ ಹಂಗೆ. ಕಪ್ಪಗಿದ್ರೆ ಫ್ಲೆಕ್ಸಲ್ಲಿ ಎದ್ದು ಕಾಣಲ್ಲ ಅಂತ ಒಂಚೂರು ಬ್ರೈಟ್ ಮಾಡ್ದೆ' ಎಂದ. ಅವನ ಮಾತು ಸುಳ್ಳಲ್ಲ. ಮದುವೆಯೊಂದರಲ್ಲಿ ಯಾರದೋ ಫೋನಿನಲ್ಲಿ ತೆಗೆದ ಚಿತ್ರ ಅದು. ಚರ್ಮವನ್ನು ನಯಗೊಳಿಸಿ ಬಿಳಿಚಿಸುವ ಸೌಂದರ್ಯದ ಗುಂಡಿ ಆ ಫೋನಿನಲ್ಲಿ ಮೊದಲಿನಿಂದಲೇ ಒತ್ತಿಕೊಂಡಿತ್ತು. ಅಲ್ಲಿಂದ ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ, ಪ್ರತಿ ಸಲವೂ ಸವೆದು ಅವನಿಗೆ ಬಂದಿತ್ತು. ಅಜ್ಜಿಯ ಮುಖ ಇದ್ದ ಬೇರೆ ಫೈಲು ಯಾರ ಹತ್ತಿರವೂ ಇರಲಿಲ್ಲ.

ಯಾರನ್ನು ಬೈಯುವುದು? ಫೋಟೊ ತೆಗೆದ ಹುಡುಗ ಏನೂ ಮಾಡಿಲ್ಲ. ಸ್ಟುಡಿಯೊದವನು 'ಒಂಚೂರು' ಮಾಡಿದ್ದಾನೆ. ಈ ಕಥೆ ಡಿಜಿಟಲ್ ಕಾಲದ್ದೂ ಅಲ್ಲ. ಫಿಲ್ಮಿನ ಕಾಲದಲ್ಲಿ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಕೊಡ್ಯಾಕ್ ಕಳಿಸುತ್ತಿದ್ದ ಮಾದರಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣವೆಲ್ಲ ಸರಿ ಎಂದು ಲೆಕ್ಕ. ಅವುಗಳಿಗೆ 'ಶರ್ಲಿ ಕಾರ್ಡ್' ಎಂದೇ ಹೆಸರು. ಕಪ್ಪು ಮೈಬಣ್ಣಗಳನ್ನು ಸರಿಯಾಗಿ ತೋರಿಸುತ್ತೇವೆ ಎಂದು ಗೂಗಲ್ ತನ್ನ ಫೋನಿನ ಒಂದು ಗುಣವಾಗಿ ಜಾಹೀರಾತು ಮಾಡಿದ್ದು 2021ರಲ್ಲಿ. ಅಲ್ಲಿಯವರೆಗೂ ಇಂಥದ್ದನ್ನು ವಿಶೇಷ ಎಂದು ಹೇಳಿಕೊಳ್ಳಬೇಕಾದ ಸ್ಥಿತಿ ಇತ್ತು ಎಂದಾಯಿತು.

ನಮ್ಮ ಜಿಲ್ಲೆಯ ಮುಖಗಳಿಗೆ ಇನ್ನೊಂದು ಬಗೆಯ ಅನ್ಯಾಯವೂ ಆಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಫೋಟೊಗಳನ್ನು ನೋಡಿ. ಅಲ್ಲಿ ಬಿಳಿಚಿಸುವವರಿಲ್ಲ. ಬದಲಿಗೆ ಹಿರಿಯರ ಮುಖದ ಪ್ರತಿ ಸುಕ್ಕನ್ನೂ ಉತ್ತ ಹೊಲದ ಸಾಲಿನಂತೆ ಆಳ ಮಾಡಿ, ಬಣ್ಣ ತೆಗೆದು ಕಪ್ಪು-ಬಿಳುಪಾಗಿಸಿ, ಕಣ್ಣಿನಲ್ಲೊಂದು ಬೆಳಕಿನ ಚುಕ್ಕಿ ಏರಿಸಿ, ಇದು 'ಕಾಡಿನ ಮುಖ' ಎಂದು ಗೋಡೆಗೆ ತೂಗುಹಾಕುತ್ತಾರೆ. ಇಂಥವುಗಳನ್ನು ರಾ ತೆಗೆಯುವ, ಕಸುಬು ಬಲ್ಲ ಛಾಯಾಗ್ರಾಹಕರೇ ಮಾಡುವುದು. ಒಂದು ಕಡೆ ಅಜ್ಜಿಯ ಸುಕ್ಕು ಅಳಿಸುತ್ತದೆ, ಇನ್ನೊಂದು ಕಡೆ ಇಲ್ಲದಷ್ಟು ಆಳವಾಗುತ್ತದೆ. ನಮ್ಮವರಾಗಬೇಕಾದರೆ ಬೆಳ್ಳಗಾಗಬೇಕು, ಆದಿವಾಸಿಯಾಗಬೇಕಾದರೆ ಬಂಡೆಯಾಗಬೇಕು. ರಾ ಫಾರ್ಮ್ಯಾಟ್ ಬಳಸಿದ ಮಾತ್ರಕ್ಕೆ ಈ ರೋಗ ವಾಸಿಯಾಗುವುದಿಲ್ಲ. ಇಲ್ಲಿ ನನಗೆ ಸಿಗುವ ಒಂದೇ ಸಮಾಧಾನ, ಮೊದಲನೆಯದರಲ್ಲಿ ಸಿಗದ ಕರ್ತೃ ಎರಡನೆಯದರಲ್ಲಿ ಸಿಗುತ್ತಾನೆ. 'ಯಾಕೆ ಹೀಗೆ ಮಾಡಿದೆ' ಎಂದು ಅವನನ್ನು ಕೇಳಬಹುದು.

ಕನ್ನಡ ಸಾಹಿತ್ಯ ಓದುವವರಿಗೆ ಇದು ಹೊಸ ಪ್ರಶ್ನೆ ಅಲ್ಲ. 'ಹಸಿ', 'ಅಪ್ಪಟ', 'ದೇಸಿ' ಎಂಬ ಮಾತುಗಳನ್ನು ನಮ್ಮ ವಿಮರ್ಶೆ ಧಾರಾಳವಾಗಿ ಬಳಸಿದೆ. ಇದೇ ಸೀಮೆಯ, ನಂಜನಗೂಡು-ಚಾಮರಾಜನಗರದ ಮಾತಿನಲ್ಲಿ ದೇವನೂರ ಮಹಾದೇವ ಬರೆದ 'ಕುಸುಮಬಾಲೆ' ಬಂದಾಗ ಅರ್ಥವಾಗುವುದಿಲ್ಲ ಎಂದವರಿದ್ದರು, ಮಣ್ಣಿನಿಂದ ಹಾಗೇ ಎದ್ದು ಬಂದ ಭಾಷೆ ಎಂದು ಮೆಚ್ಚಿದವರೂ ಇದ್ದರು. ಎರಡನೆಯ ಮಾತು ಹೊಗಳಿಕೆಯಂತೆ ಕೇಳಿದರೂ ಬರೆದವನ ಕೆಲಸವನ್ನು ಅಳಿಸುತ್ತದೆ. ನಾನು ಆ ಭಾಷೆ ಆಡುವ ಜನರ ನಡುವೆ ಬೆಳೆದವನು. ಯಾರೂ 'ಕುಸುಮಬಾಲೆ'ಯ ಹಾಗೆ ಮಾತಾಡುವುದಿಲ್ಲ. ಅದು ನಮ್ಮ ಮಾತಿನಿಂದ ಒಬ್ಬ ಲೇಖಕ ಎಸಳೆಸಳಾಗಿ ಬಿಡಿಸಿ ತೆಗೆದ ಭಾಷೆ. ಅದನ್ನು ಹಸಿ ಎಂದು ಕರೆಯುವುದೆಂದರೆ ಆ ಹುಡುಗಿಯ ಮಂಜನ್ನು 'ಕ್ಯಾಮೆರಾದಲ್ಲಿ ಹಾಗೇ ಬಂತು' ಎಂದ ಹಾಗೆ.

ಮಲೆ ಮಾದೇಶ್ವರನ ಕಾವ್ಯದ ವಿಷಯದಲ್ಲಿ ಹೋಲಿಕೆ ಇನ್ನೂ ಹತ್ತಿರದ್ದು. ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುವ ಆ ಕಥನವನ್ನು ಪಿ.ಕೆ. ರಾಜಶೇಖರ ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ್ದನ್ನು ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ತಂದಿತು. ಚಾಮರಾಜನಗರ ಜಿಲ್ಲೆಯಾದದ್ದೂ ಅದೇ ವರ್ಷ. ಹಾಡನ್ನು ಅಚ್ಚಿಗೆ ತರುವ ಯಾರೇ ಆದರೂ ತೀರ್ಮಾನಗಳನ್ನು ಮಾಡಲೇಬೇಕು. ಹಿಮ್ಮೇಳದವರು ತಿರುತಿರುಗಿ ಹೇಳುವ ಸೊಲ್ಲನ್ನು ಪ್ರತಿ ಸಲವೂ ಅಚ್ಚು ಮಾಡಬೇಕೆ? ಹಾಡುಗಾರ ನಡುವೆ ಕೆಮ್ಮಿ, ನೀರು ಕುಡಿದು, ಕೇಳುವವರನ್ನು ಗದರಿದ್ದು ಕಾವ್ಯವೇ, ಅಲ್ಲವೇ? ಸಾಲು ಎಲ್ಲಿ ಮುರಿಯಬೇಕು? ಟೇಪು ಈ ಯಾವುದನ್ನೂ ಹೇಳುವುದಿಲ್ಲ. ಟೇಪು ಕಾವ್ಯವಲ್ಲ, ರಾ ಫೈಲು ಚಿತ್ರವಲ್ಲದ ಹಾಗೆ. ಟೇಪಿನಲ್ಲೂ ಆಯ್ಕೆ ಆಗಿರುತ್ತದೆ ಎನ್ನುವುದು ಬೇರೆ ಮಾತು. ಮೈಕು ಯಾರ ಬಾಯಿಯ ಹತ್ತಿರ ಇಟ್ಟರೋ ಅವರ ದನಿ ದೊಡ್ಡದು. ರಾ ಫೈಲಿನಲ್ಲೂ ಕೆಲವು ಕಂಪನಿಗಳು ಮೊದಲೇ ಸ್ವಲ್ಪ ಒರೆಸಿ, ಸ್ವಲ್ಪ ಕುಗ್ಗಿಸಿ ಇಟ್ಟಿರುತ್ತವೆ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಅದರ ಗಾಯನಕ್ಕೂ ಹೋಲಿಸುತ್ತಿದ್ದ. ಸ್ವರಲಿಪಿ ಬರೆದಿಟ್ಟು ಹಾಡುವ ನಾಡಿನವನ ಹೋಲಿಕೆ ಅದು. ನಮಗೆ ಹಸ್ತಪ್ರತಿಯ ಹೋಲಿಕೆ ಹೆಚ್ಚು ಒಗ್ಗುತ್ತದೆ. ಒಳ್ಳೆಯ ಗ್ರಂಥಸಂಪಾದಕ ಪಾಠವೊಂದನ್ನು ಆರಿಸುತ್ತಾನೆ, ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಓದುಗನಿಗೆ ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ಹೋಗಿ ಬೇರೆ ಪಾಠ ಹಿಡಿಯಬಹುದು. ರಾ ಫೈಲಿನ ಮೇಲೆ ಕೆಲಸ ಮಾಡುವ ತಂತ್ರಾಂಶಗಳ ರೀತಿಯೂ ಇದೇ. ಅವು ಮೂಲ ಫೈಲಿನ ಸಂಖ್ಯೆಗಳನ್ನು ತಿದ್ದುವುದಿಲ್ಲ. ಹಳದಿಯನ್ನು ಇಷ್ಟು ಇಳಿಸಿದೆ, ನೆರಳನ್ನು ಇಷ್ಟು ಎತ್ತಿದೆ ಎಂದು ಪ್ರತಿ ತೀರ್ಮಾನವನ್ನೂ ಪಕ್ಕದಲ್ಲಿ ಬರೆದಿಡುತ್ತವೆ. ಜೆಪೆಗ್ ಎಂದರೆ ಅಡಿಟಿಪ್ಪಣಿಗಳನ್ನೆಲ್ಲ ಕಿತ್ತು, ಓಲೆಗರಿಯನ್ನು ಸುಟ್ಟು, ಸಂಪಾದಕನ ಹೆಸರನ್ನೂ ಹಾಕದೆ ಅಚ್ಚು ಮಾಡಿದ ಜನಪ್ರಿಯ ಆವೃತ್ತಿ. ಜನಪ್ರಿಯ ಆವೃತ್ತಿಗಳು ಬೇಕು, ನಾನು ದಿನವೂ ಬಳಸುತ್ತೇನೆ. ನನ್ನ ದೂರು ಅದನ್ನೇ 'ಎಡಿಟ್ ಮಾಡದ ಮೂಲ' ಎಂದು ಕರೆಯುವ ಸ್ಪರ್ಧೆಯ ನಿಯಮದ ಮೇಲೆ. ರಾ ಫೈಲನ್ನು 'ಸತ್ಯ' ಎಂದು ಪೂಜಿಸುವ ಫೋಟೊಗ್ರಫಿ ಕ್ಲಬ್ಬಿನ ಮೇಲೂ.

ಬೇಸರದ ಸಂಗತಿಯೂ ಒಂದಿದೆ. ಜಾನಪದ ಸಂಶೋಧನೆಗೆ ಹೋಗುವ ವಿದ್ಯಾರ್ಥಿಗಳು ಈಗ ಕಂಸಾಳೆಯವರನ್ನೂ ನೀಲಗಾರರನ್ನೂ ಫೋನಿನಲ್ಲಿ ಚಿತ್ರ ತೆಗೆದು ಪ್ರಬಂಧಕ್ಕೆ ಅಂಟಿಸುತ್ತಾರೆ. ಪಠ್ಯದ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಹಿಡಿದು ಕೇಳುವ ಮಾರ್ಗದರ್ಶಕರು ಚಿತ್ರದಲ್ಲಿ ಹಾಡುಗಾರನ ಮೈಬಣ್ಣ ಎರಡು ಪಟ್ಟು ತಿಳಿಯಾಗಿರುವುದನ್ನು ಗಮನಿಸುವುದಿಲ್ಲ. ಫೋನುಗಳಲ್ಲೂ ಹಲವದರಲ್ಲಿ ಈಗ ರಾ ತೆಗೆಯುವ ಸೌಲಭ್ಯ ಇದೆ, ಕ್ಯಾಮೆರಾದ 'ಪ್ರೊ' ಎಂಬ ಮೂಲೆಯಲ್ಲಿ. ಫೈಲು ದೊಡ್ಡದಾಗುತ್ತದೆ, ಅದು ನಿಜ. ಒಬ್ಬ ಹಾಡುಗಾರನಿಗೆ ಒಂದೆರಡು ಫೈಲು ಹೊರೆಯಲ್ಲ.

2011ರ ದೀಪಾವಳಿ ಜಾತ್ರೆಯಲ್ಲಿ ಮಹದೇಶ್ವರ ಬೆಟ್ಟದಲ್ಲಿ ರಾತ್ರಿ ತೆಗೆದ ಕೆಲವು ರಾ ಫೈಲುಗಳು ನನ್ನ ಹತ್ತಿರ ಇವೆ. ಒಂದೇ ಒಂದು ಬಲ್ಬಿನ ಬೆಳಕಿನಲ್ಲಿ ಮೂವರು ಹಾಡುತ್ತಿದ್ದಾರೆ. ಅಂದು ಅವನ್ನು ಚಿತ್ರವಾಗಿಸಲು ನೋಡಿದಾಗ ಕತ್ತಲೆಯೆಲ್ಲ ರವೆ ಚೆಲ್ಲಿದಂತೆ ಚುಕ್ಕಿ ಚುಕ್ಕಿ, ಮೂರನೆಯವನ ಮುಖವೇ ತಿಳಿಯುತ್ತಿರಲಿಲ್ಲ. ಮೊನ್ನೆ ಅದೇ ಫೈಲನ್ನು ಹೊಸ ತಂತ್ರಾಂಶದಲ್ಲಿ ತೆರೆದೆ. ಸಂಖ್ಯೆಗಳು ಅವೇ, ಓದುವ ಕ್ರಮ ಬೇರೆ. ಮೂರನೆಯವನ ಮುಖ ಕತ್ತಲಿನಿಂದ ಮುಂದೆ ಬಂತು, ಕೆನ್ನೆ ಒಳಗೆ ಬಿದ್ದ, ಕಣ್ಣು ಮುಚ್ಚಿದ ಮುಖ. ಕೊರಳ ರುದ್ರಾಕ್ಷಿ ಸರದ ಮಣಿಗಳೂ ಬಿಡಿಬಿಡಿಯಾಗಿ ಎಣಿಸುವ ಹಾಗೆ ಕಂಡವು. ಖುಷಿಯಾಯಿತು. ಜೆಪೆಗ್ ಮಾತ್ರ ಉಳಿಸಿಕೊಂಡಿದ್ದರೆ ಈ ಮುಖ ಹೀಗೆ ಹೊರಬರುತ್ತಿರಲಿಲ್ಲ.

ಆದರೆ ಈ ತಂತ್ರಾಂಶ ಚುಕ್ಕಿಗಳನ್ನು ಒರೆಸುವುದನ್ನು ಕಲಿತದ್ದು ಲೆಕ್ಕವಿಲ್ಲದಷ್ಟು ಬೇರೆ ಚಿತ್ರಗಳನ್ನು ನೋಡಿ. ಕತ್ತಲಲ್ಲಿ ದುಂಡಗಿನದೇನೋ ಕಂಡರೆ ಅದು ಮಣಿಯಿರಬೇಕು ಎಂದು ಅದಕ್ಕೆ ಅನ್ನಿಸುತ್ತದೆ. ಹಳೆಯ ತಂತ್ರಾಂಶದಲ್ಲಿ ಅದೇ ಜಾಗವನ್ನು ಹಿಗ್ಗಿಸಿ ನೋಡಿದೆ. ಅಲ್ಲಿ ಸರದ ಸುಳಿವು ಇದೆ, ಬಿಡಿ ಮಣಿಗಳಿಲ್ಲ. ಹೊಸದರಲ್ಲಿ ಎಣಿಸಿದರೆ ಹದಿನೇಳು. ಹಾಡುಗಾರರ ಬಗ್ಗೆ ಬರೆಯುತ್ತಿರುವ ಗೆಳೆಯರೊಬ್ಬರು ಪುಸ್ತಕಕ್ಕೆ ಆ ಚಿತ್ರ ಕೇಳಿದ್ದಾರೆ. ಎರಡನ್ನೂ ಕಳಿಸಿದ್ದೇನೆ, ಯಾವ ತಂತ್ರಾಂಶದಲ್ಲಿ ಯಾವ ವರ್ಷ ಮಾಡಿದ್ದು ಎಂದು ಕೆಳಗೆ ಬರೆದು. ಒಂದೇ ಚಿತ್ರ ಎರಡು ಸಲ ಯಾಕೆ ಬಂದಿದೆ ಎಂದು ಪ್ರೆಸ್ಸಿನವರು ಫೋನ್ ಮಾಡಿ ಕೇಳಿದರು.